ಶಿರಸಿ ಸೀಮೆಯ ಗುಡ್ಡ ಕುಸಿತದ ನಕ್ಷೆಗಳು: ಒಂದು ಆಕರ ವಿಮರ್ಶೆ

೧

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಪಶ್ಚಿಮದ ಅಂಚು ಸಹ್ಯಾದ್ರಿಯ ನೆತ್ತಿಯಿಂದ ಕರಾವಳಿಗೆ ಇಳಿಯುವ ಸೀಮೆಯಾಗಿದೆ. ಈ ಘಟ್ಟದ ದಾರಿಗಳ ಮೂಲಕ ಮೆಣಸು ಅಡಕೆಗಳು ಬಂದರುಗಳಿಗೆ ಇಳಿದುದನ್ನೂ, ಸೋದೆಯ ಅರಸರು ಆ ವ್ಯಾಪಾರದಿಂದ ಬಲಗೊಂಡುದನ್ನೂ ನಮ್ಮ ಇತಿಹಾಸಕಾರರು ವಿವರಿಸಿದ್ದಾರೆ. ಆದರೆ ದಾರಿಯನ್ನು ಹೊತ್ತು ನಿಂತ ಗುಡ್ಡವೇ ಒಂದು ದಿನ ಜರಿದು ಬಿದ್ದೀತೆಂಬುದನ್ನು ಅವರಲ್ಲಿ ಯಾರೂ ಇತಿಹಾಸದ ವಿಷಯವೆಂದು ಗಣಿಸಿದಂತೆ ಕಾಣುವುದಿಲ್ಲ. ನಾವೂ ಗಣಿಸಿರಲಿಲ್ಲ.

೨೦೨೧ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಅಡಕೆ ತೋಟಗಳೂ ಮನೆಗಳೂ ರಸ್ತೆಗಳೂ ಹಾಳಾದವು. ಅದೇ ಮಳೆಯಲ್ಲಿ ಅರಬೈಲು ಘಟ್ಟದ ಹೆದ್ದಾರಿ ಕುಸಿದು ಸಂಚಾರ ನಿಂತಿತು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿಯು ಕೊಚ್ಚಿಕೊಂಡು ಹೋಯಿತು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು, ಗಂಗಾವಳಿಯ ಒಡಲಿಗೆ ಇಳಿದು, ಹಲವರ ಪ್ರಾಣವನ್ನು ತೆಗೆಯಿತು. ಇವುಗಳಿಗೂ ಹಿಂದೆ, ೨೦೦೯ರ ಅಕ್ಟೋಬರ್ ತಿಂಗಳ ಆರಂಭದಲ್ಲಿ, ಕಾರವಾರದ ಬಳಿಯ ಕಡವಾಡದ ಝರಿವಾಡದಲ್ಲಿ ೧೯ ಮಂದಿ ಮಣ್ಣಿನಡಿಯಲ್ಲಿ ಸಿಲುಕಿ ಮಡಿದಿದ್ದರು.

ಈ ಅನಾಹುತಗಳ ಹಿನ್ನೆಲೆಯಲ್ಲಿ ಮೂರು ಕೃತಿಗಳು ನಮ್ಮ ಗಮನಕ್ಕೆ ಬಂದಿವೆ. ಒಂದನೆಯದು, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ೨೦೨೩ರಲ್ಲಿ ಹೊರತಂದ ‘ಭಾರತದ ಭೂಕುಸಿತ ಭೂಪಟ’. ಎರಡನೆಯದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ೨೦೧೪ರಿಂದೀಚೆಗೆ ೧:೫೦,೦೦೦ ಪ್ರಮಾಣದಲ್ಲಿ ಸಿದ್ಧಪಡಿಸಿದ ರಾಷ್ಟ್ರೀಯ ಕುಸಿತಪ್ರವಣತೆಯ ನಕ್ಷೆಗಳು. ಮೂರನೆಯದು, ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಉತ್ತರ ಕನ್ನಡವನ್ನು ಕ್ಷೇತ್ರವನ್ನಾಗಿ ಆರಿಸಿಕೊಂಡು ನಡೆಸಿದ ಅಧ್ಯಯನ. ಪ್ರಕೃತ ಲೇಖನದಲ್ಲಿ ಇವುಗಳನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಭೂವಿಜ್ಞಾನವನ್ನು ಓದದ ಇತಿಹಾಸದ ಅಧ್ಯಾಪಕರಿಗೆ ಈ ಕೆಲಸದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಶಿಲೆಯ ವಿಚಾರದಲ್ಲಿ ನಮಗೆ ಯಾವ ಅಧಿಕಾರವೂ ಇಲ್ಲ. ಆದರೆ ನಕ್ಷೆಯು ಒಂದು ದಾಖಲೆ. ಅದನ್ನು ಯಾರು, ಯಾವಾಗ, ಯಾವ ಆಕರದಿಂದ, ಯಾರಿಗಾಗಿ ಬರೆದರು, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳುವುದು ನಮ್ಮ ಶಾಸ್ತ್ರದ ನಿತ್ಯದ ಕೆಲಸ. ತಾಮ್ರಪಟವನ್ನು ಕೇಳುವ ಪ್ರಶ್ನೆಗಳನ್ನೇ ಈ ಬಣ್ಣದ ಪಟಗಳಿಗೂ ಕೇಳಿದರೆ ಏನು ಉತ್ತರ ದೊರೆಯುತ್ತದೆಂಬುದೇ ಇಲ್ಲಿಯ ವಿಷಯ.

೨

ಮೊದಲು ಈ ಕೃತಿಗಳ ಗುಣವನ್ನು ಹೇಳುವುದು ನ್ಯಾಯ. ಗಣಕದ ಮಾದರಿಯು ಮಾಡುವ ಕೆಲಸ ತತ್ತ್ವತಃ ಸರಳವಾದುದು. ಹಿಂದೆ ಕುಸಿದ ಸ್ಥಳಗಳ ಪಟ್ಟಿಯೊಂದನ್ನು ಅದಕ್ಕೆ ಒದಗಿಸುತ್ತಾರೆ. ಆ ಸ್ಥಳಗಳಲ್ಲಿ ಇಳಿಜಾರು ಎಷ್ಟು, ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ಅಡಿಯಲ್ಲಿರುವ ಶಿಲೆ ಯಾವುದು, ಮಣ್ಣಿನ ದಪ್ಪವೆಷ್ಟು, ಹಳ್ಳವೂ ರಸ್ತೆಯೂ ಎಷ್ಟು ದೂರ, ಮೇಲೆ ಕಾಡಿದೆಯೋ ತೋಟವಿದೆಯೋ ಎಂಬ ಸಂಗತಿಗಳನ್ನು ಬೇರೆ ಬೇರೆ ನಕ್ಷೆಗಳಿಂದ ತೆಗೆದು ಜೋಡಿಸುತ್ತಾರೆ. ಕುಸಿದ ಸ್ಥಳಗಳಲ್ಲಿ ಪದೇ ಪದೇ ಕೂಡಿ ಬರುವ ಲಕ್ಷಣಗಳಿಗೆ ಹೆಚ್ಚು ತೂಕವನ್ನು ಕೊಟ್ಟು, ಅವೇ ಲಕ್ಷಣಗಳು ಇನ್ನೆಲ್ಲಿ ಇವೆಯೆಂದು ಗಣಕವು ಹುಡುಕುತ್ತದೆ. ಹೆಚ್ಚು ಹೋಲಿಕೆಯಿದ್ದಲ್ಲಿ ಕೆಂಪು, ಮಧ್ಯಮವಾದಲ್ಲಿ ಹಳದಿ, ಕಡಿಮೆಯಾದಲ್ಲಿ ಹಸಿರು. ಒಂದು ಶಾಸನದ ಲಿಪಿಯನ್ನು ಕಾಲ ತಿಳಿದ ಇತರ ಶಾಸನಗಳ ಲಿಪಿಗೆ ಹೋಲಿಸಿ ಅದರ ಶತಮಾನವನ್ನು ನಿರ್ಧರಿಸುವ ನಮ್ಮ ಕ್ರಮಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಭೂಪಟದ ವ್ಯಾಪ್ತಿ ದೊಡ್ಡದು. ೧೯೯೮ರಿಂದ ೨೦೨೨ರವರೆಗಿನ ಸುಮಾರು ೮೦,೦೦೦ ಕುಸಿತಗಳನ್ನು ಗುರುತಿಸಿ, ೧೭ ರಾಜ್ಯಗಳ ಮತ್ತು ೨ ಕೇಂದ್ರಾಡಳಿತ ಪ್ರದೇಶಗಳ ೧೪೭ ಜಿಲ್ಲೆಗಳನ್ನು ಅದು ಕ್ರಮವಾಗಿ ಜೋಡಿಸಿದೆ. ಭೂವೈಜ್ಞಾನಿಕ ಸರ್ವೇಕ್ಷಣದ ನಕ್ಷೆಗಳು ಸುಮಾರು ೪.೨ ಲಕ್ಷ ಚದರ ಕಿಲೋಮೀಟರ್ ಗುಡ್ಡಗಾಡನ್ನು ಒಳಗೊಳ್ಳುತ್ತವೆ. ಇಷ್ಟು ವಿಸ್ತಾರವಾದ ನೆಲವನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದ ಕೆಲಸ ನಮ್ಮ ದೇಶದಲ್ಲಿ ಹಿಂದೆ ನಡೆದಿರಲಿಲ್ಲ. ರಾಮಚಂದ್ರ ಅವರ ಅಧ್ಯಯನವಾದರೋ ನಮ್ಮ ಜಿಲ್ಲೆಯ ಮಟ್ಟಕ್ಕೆ ಇಳಿದು ಬಂದುದು. ಯಾರು ಬೇಕಾದರೂ ಪಡೆದು ಉಪಯೋಗಿಸಬಹುದಾದ ಮುಕ್ತ ತಂತ್ರಾಂಶವನ್ನು ಅದು ಬಳಸಿದೆ. ಫಲಿತಾಂಶವನ್ನು ಇನ್ನೊಬ್ಬರು ಮರಳಿ ಪರೀಕ್ಷಿಸಲು ಇದರಿಂದ ಸಾಧ್ಯವಾಗುತ್ತದೆಂಬುದು ಸಣ್ಣ ಗುಣವಲ್ಲ.

ಆದರೆ ಇವು ಒಂದೇ ಪ್ರಶ್ನೆಗೆ ಉತ್ತರ ಹೇಳುವ ಕೃತಿಗಳಲ್ಲವೆಂಬುದನ್ನು ಮರೆಯಬಾರದು. ಗುಡ್ಡ ಎಲ್ಲಿ ಕುಸಿಯಬಹುದು ಎಂಬುದು ಪ್ರವಣತೆ. ಎಷ್ಟು ಮಳೆಗೆ, ಯಾವಾಗ ಕುಸಿಯಬಹುದು ಎಂಬುದು ಅಪಾಯ. ಕುಸಿದರೆ ಯಾರು, ಏನು ಹಾಳಾಗಬಹುದು ಎಂಬುದು ಹಾನಿಸಂಭವ. ಸರ್ವೇಕ್ಷಣದ ನಕ್ಷೆ ಮೊದಲನೆಯದಕ್ಕೆ ಉತ್ತರಿಸುತ್ತದೆ. ಭೂಪಟದ ಜಿಲ್ಲಾಕ್ರಮವು ಜನಸಂಖ್ಯೆ, ರಸ್ತೆ, ಜಾನುವಾರು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು ಮೂರನೆಯದಕ್ಕೆ ಉತ್ತರಿಸುತ್ತದೆ. ಜನ ವಿರಳವಾದ ನಮ್ಮ ಜಿಲ್ಲೆ ಆ ಕ್ರಮದಲ್ಲಿ ಕೆಳಗೆ ಬಂದರೆ ಇಲ್ಲಿಯ ಗುಡ್ಡಗಳು ಗಟ್ಟಿಯಾಗಿವೆ ಎಂದು ಅರ್ಥವಲ್ಲ. ಈ ಭೇದವನ್ನು ಅರಿಯದೆ ಒಂದು ಪಟದ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಹೊಂದಿಸುವುದು ಸಾಮಾನ್ಯವಾಗಿದೆ.

೩

ಇನ್ನು ಆಕರದ ವಿಚಾರ. ಇಡೀ ಕಟ್ಟಡವು ಹಿಂದೆ ಕುಸಿದ ಸ್ಥಳಗಳ ಪಟ್ಟಿಯ ಮೇಲೆ ನಿಂತಿದೆ. ಆ ಪಟ್ಟಿಯಲ್ಲಿ ಸೇರಿದುದು ಯಾವುದು, ಸೇರದೆ ಉಳಿದುದು ಯಾವುದು?

ಭೂಪಟವು ತನ್ನ ಸಾಮಗ್ರಿಯನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಋತುಮಾನಕ್ಕೆ ಸಂಬಂಧಿಸಿದುದು, ದೊಡ್ಡ ಘಟನೆಗೆ ಸಂಬಂಧಿಸಿದುದು, ರಸ್ತೆಯ ಮಾರ್ಗಕ್ಕೆ ಸಂಬಂಧಿಸಿದುದು. ಪ್ರಾಮಾಣಿಕವಾದ ಈ ವಿಂಗಡಣೆಯೇ ಆಕರದ ಮಿತಿಯನ್ನೂ ತೋರಿಸುತ್ತದೆ. ದೊಡ್ಡ ಅನಾಹುತವಾದಲ್ಲಿ ಉಪಗ್ರಹದ ಕಣ್ಣು ತಿರುಗುತ್ತದೆ. ರಸ್ತೆ ಮುಚ್ಚಿದಲ್ಲಿ ಎಂಜಿನಿಯರು ಬರುತ್ತಾರೆ. ರಸ್ತೆಯಿಂದ ಮೂರು ಮೈಲಿ ಒಳಗೆ, ಒಂಟಿ ಮನೆಯ ಹಿಂದಿನ ಬೆಟ್ಟ ಜರಿದು ಅರ್ಧ ಎಕರೆ ತೋಟ ಮುಚ್ಚಿಹೋದರೆ ಅದನ್ನು ಬರೆದುಕೊಳ್ಳುವವರು ಯಾರು? ಪರಿಹಾರದ ಅರ್ಜಿಯಲ್ಲಿ ಅದು ಬೆಳೆಹಾನಿ ಎಂದು ದಾಖಲಾಗುತ್ತದೆ. ಕುಸಿತವೆಂದು ಯಾವ ಪಟ್ಟಿಗೂ ಸೇರುವುದಿಲ್ಲ.

ಆಕಾಶದಿಂದ ನೋಡುವುದಕ್ಕೂ ಇಲ್ಲಿ ಅಡ್ಡಿಯುಂಟು. ಗುಡ್ಡ ಕುಸಿಯುವುದು ಆಷಾಢ ಶ್ರಾವಣಗಳಲ್ಲಿ. ಆಗ ಘಟ್ಟದ ಮೇಲೆ ಮೋಡವು ವಾರಗಟ್ಟಲೆ ಸರಿಯುವುದಿಲ್ಲ. ಸಾಮಾನ್ಯ ಉಪಗ್ರಹಚಿತ್ರಕ್ಕೆ ಮೋಡದ ಕೆಳಗಿನದು ಕಾಣದು. ಆಕಾಶ ತಿಳಿಯಾಗುವ ಹೊತ್ತಿಗೆ ಸಣ್ಣ ಗಾಯಗಳ ಮೇಲೆ ಹುಲ್ಲೂ ಗಿಡಗಂಟಿಯೂ ಹಬ್ಬಿರುತ್ತವೆ. ಮೋಡವನ್ನು ದಾಟಿ ನೋಡುವ ರೇಡಾರ್ ಉಪಗ್ರಹಗಳು ಈಗ ಉಂಟು. ೨೦೧೪ರಿಂದ ಯುರೋಪಿನ ಸೆಂಟಿನೆಲ್-೧ರ ಚಿತ್ರಗಳು ಯಾವ ಶುಲ್ಕವೂ ಇಲ್ಲದೆ ದೊರೆಯುತ್ತಿವೆ. ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಮೇಲೇರಿದ ನಿಸಾರ್ ಉಪಗ್ರಹವೂ ಇದೇ ಜಾತಿಯದು. ಆದರೂ ಕಡಿದಾದ ಕಣಿವೆಗಳಲ್ಲಿ ರೇಡಾರಿಗೂ ನೆರಳು ಬೀಳುತ್ತದೆ.

ಹೀಗಿರಲು, ಪಟ್ಟಿಯಲ್ಲಿ ಹೆಸರಿಲ್ಲದ ಸ್ಥಳವನ್ನು ಕುಸಿಯದ ಸ್ಥಳವೆಂದು ಎಣಿಸಬಹುದೇ? ರಾಮಚಂದ್ರ ಅವರ ತಂಡವು ಬಳಸಿದ ಓಪನ್ ಮಾಡೆಲರ್ ತಂತ್ರಾಂಶವು ಮೂಲತಃ ಒಂದು ಪ್ರಾಣಿ ಅಥವಾ ಸಸ್ಯವು ಎಲ್ಲೆಲ್ಲಿ ಇರಬಹುದೆಂದು ಊಹಿಸುವುದಕ್ಕಾಗಿ ರೂಪುಗೊಂಡದ್ದು. ಕಂಡ ಸ್ಥಳಗಳ ಆಧಾರದ ಮೇಲೆ ಕಾಣದ ಸ್ಥಳಗಳನ್ನು ಊಹಿಸುವುದು ಅದರ ಮಾರ್ಗ. ಕಾಣದಿದ್ದುದು ಇಲ್ಲವೆಂದು ಅದು ಸಾಧಿಸಲು ಹೊರಡುವುದಿಲ್ಲ. ಪಟ್ಟಿ ಅಪೂರ್ಣವಾದಲ್ಲಿ ಇದು ವಿವೇಕದ ಆಯ್ಕೆಯೆಂದೇ ನಮ್ಮ ಅಭಿಪ್ರಾಯ. ಆದರೆ ಕಂಡ ಸ್ಥಳಗಳೆಲ್ಲ ರಸ್ತೆಯ ಬದಿಯವೇ ಆಗಿದ್ದರೆ ಯಾವ ಮಾದರಿಯಾದರೂ ‘ರಸ್ತೆಯ ಬದಿಯಲ್ಲಿ ಕುಸಿಯುತ್ತದೆ’ ಎಂಬ ಪಾಠವನ್ನೇ ಕಲಿಯುವುದು. ಆ ಮಾತಿನಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ನೋಡಿದವರ ದಾರಿಯ ದೋಷ ಎಂಬುದನ್ನು ಪಟದಿಂದ ಬಿಡಿಸುವುದು ಸಾಧ್ಯವಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರ ನಿದರ್ಶನ ಹತ್ತಿರದಲ್ಲೇ ಇದೆ. ಸೊರಬದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿ ಕಲೆಹಾಕಿ ಪ್ರಕಟಿಸಿದರು. ಸೊರಬಕ್ಕೆ ನೆರೆಯ ಬನವಾಸಿಯ ಪ್ರದೇಶವು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ಮಾಲೆಗೆ ಹೊರಗುಳಿಯಿತು. ಮಾಲೆಯ ಸಂಪುಟಗಳನ್ನು ಮಾತ್ರ ನೋಡಿದವನಿಗೆ ಶಾಸನಗಳು ಸೊರಬದ ಗಡಿಯಲ್ಲಿ ಥಟ್ಟನೆ ನಿಂತಂತೆ ತೋರೀತು. ನಿಂತದ್ದು ಶಾಸನಗಳಲ್ಲ, ಸಂಗ್ರಹಕಾರನ ಅಧಿಕಾರದ ಎಲ್ಲೆ.

೪

ಅಳತೆಯ ವಿಚಾರದಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕಾಗಿದೆ.

ಇಂಥ ಮಾದರಿಗಳಿಗೆ ಸಾಮಾನ್ಯವಾಗಿ ಉಪಯೋಗಿಸುವ ಎತ್ತರದ ದತ್ತಾಂಶವು ನೆಲವನ್ನು ೩೦ ಮೀಟರ್ ಉದ್ದಗಲದ ಚೌಕಗಳಾಗಿ ವಿಭಾಗಿಸುತ್ತದೆ. ಅಂದರೆ ಒಂದು ಚೌಕವು ೯೦೦ ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಒಂಬತ್ತು ಗುಂಟೆ. ಒಂಬತ್ತು ಗುಂಟೆಗೆ ಒಂದೇ ಎತ್ತರ. ಮನೆ, ಅಂಗಳ, ಕೊಟ್ಟಿಗೆ, ಹಿಂದಿನ ಧರೆ, ಧರೆಯ ಮೇಲಿನ ಕಾಲುದಾರಿ ಇವೆಲ್ಲವೂ ಆ ಒಂದು ಚೌಕದಲ್ಲಿ ಅಡಗುತ್ತವೆ. ಮನೆಯವರಿಗೆ ಜೀವಭಯವಾಗಿರುವ ಇಪ್ಪತ್ತು ಅಡಿಯ ಧರೆಯು ಗಣಕಕ್ಕೆ ಇಲ್ಲವೇ ಇಲ್ಲ.

ಎರಡನೆಯದಾಗಿ, ದಟ್ಟ ಕಾಡಿನಲ್ಲಿ ಈ ಅಳತೆ ಮುಟ್ಟುವುದು ನೆಲವನ್ನಲ್ಲ, ಬಹುಮಟ್ಟಿಗೆ ಮರದ ತಲೆಯನ್ನು. ಮರ ಕಡಿದ ಅಂಚಿನಲ್ಲಿ ಇಲ್ಲದ ಕಡಿದು ಹುಟ್ಟುತ್ತದೆ. ಮರಗಳ ಕೆಳಗೆ ಇರುವ ಹಳ್ಳ ಮುಚ್ಚಿಹೋಗುತ್ತದೆ.

ಮೂರನೆಯದು ಕಾಲದ ಪ್ರಶ್ನೆ. ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎತ್ತರದ ದತ್ತಾಂಶವನ್ನು ಅಮೆರಿಕದ ಎಂಡೆವರ್ ನೌಕೆಯು ೨೦೦೦ದ ಫೆಬ್ರವರಿಯಲ್ಲಿ ಅಳೆಯಿತು. ಕರಾವಳಿಯ ಹೆದ್ದಾರಿಯನ್ನು ಅಗಲಗೊಳಿಸಲು ಗುಡ್ಡಗಳನ್ನು ಕಡಿದುದು ಅನಂತರದ ವರ್ಷಗಳಲ್ಲಿ. ಶಿರೂರಿನಲ್ಲಿ ಜರಿದದ್ದು ಮಳೆಯಿಂದ ನೆನೆದ, ರಸ್ತೆಗಾಗಿ ಬುಡ ಕಡಿಯಲ್ಪಟ್ಟ ಗುಡ್ಡದ ಬದಿ. ೨೦೦೦ದ ಅಳತೆಯಲ್ಲಿ ಆ ಕಡಿತವಿಲ್ಲ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ದಾರಿಯೂ ಈಚೆಗೆ ಅಗಲವಾಗಿದೆ. ಸತ್ತ ಅರಸನ ಹೆಸರಿನಲ್ಲಿ ಹೊರಟ ಶಾಸನವನ್ನು ನಾವು ಕೂಟವೆಂದು ತಳ್ಳಿಹಾಕುತ್ತೇವೆ. ಈಗ ಇಲ್ಲದ ಗುಡ್ಡದ ಆಕಾರದ ಮೇಲೆ ಬಣ್ಣ ಬಳಿದ ಪಟಕ್ಕೆ ಅಷ್ಟು ಕಠೋರವಾದ ತೀರ್ಪು ಬೇಡವಾದರೂ ಕಾಲನಿರ್ದೇಶವಂತೂ ಬೇಕು.

ನಾಲ್ಕನೆಯದು ವರ್ಗೀಕರಣ. ನಮ್ಮ ಸೀಮೆಯಲ್ಲಿ ಅಡಕೆ ತೋಟವು ಕಣಿವೆಯ ತಳದಲ್ಲಿದ್ದು, ಅದಕ್ಕೆ ಸೊಪ್ಪು ಒದಗಿಸುವ ಬೆಟ್ಟವು ಮೇಲಿನ ಇಳಿಜಾರಿನಲ್ಲಿರುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಏರ್ಪಾಡು ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಿಂದ ಬಂದುದು. ಬೆಟ್ಟವು ಕಾನೂನಿನ ದೃಷ್ಟಿಗೆ ಅರಣ್ಯ, ತೋಟಿಗನ ದೃಷ್ಟಿಗೆ ತೋಟದ ಅಂಗ, ಉಪಗ್ರಹದ ದೃಷ್ಟಿಗೆ ಕೇವಲ ಹಸಿರು. ಟೊಂಗೆ ಸವರಿದ ಬೆಟ್ಟ, ಬೋಳಾಗಿ ಹುಲ್ಲು ಬೆಳೆದ ಬೆಟ್ಟ, ಅಕೇಸಿಯಾ ನೆಟ್ಟ ಗುಡ್ಡ, ಮುಟ್ಟದ ಕಾನು ಇವು ಮಳೆನೀರನ್ನು ಹಿಡಿಯುವ ಬಗೆ ಬೇರೆ ಬೇರೆ. ಜಂಬಿಟ್ಟಿಗೆಯ ಪದರದ ಮೂಲಕ ಇಳಿದ ನೀರು ಅಡಿಯ ಶೇಡಿ ಮಣ್ಣನ್ನು ಮುಟ್ಟಿ ನಿಂತಾಗ ಮೇಲಿನ ಭಾರ ಜಾರುತ್ತದೆ. ಆ ನೀರು ಎಷ್ಟು, ಎಲ್ಲಿ ಇಳಿಯುತ್ತದೆಂಬುದು ಮೇಲಿನ ಹೊದಿಕೆಯನ್ನೂ ಅಗಳು ಕಾಲುವೆಗಳನ್ನೂ ಅವಲಂಬಿಸಿದೆ. ಇಷ್ಟನ್ನೂ ‘ಅರಣ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಮಾದರಿಯು ತಪ್ಪದೆ ಇದ್ದೀತೆ?

೫

ಹೆಸರುಗಳ ಗೊಂದಲವು ಸಣ್ಣದೆಂದು ತೋರಬಹುದು. ಆದರೆ ದತ್ತಾಂಶವನ್ನು ಒಬ್ಬರಿಂದೊಬ್ಬರು ಪಡೆದು ಕೂಡಿಸುವಾಗ ಮೊದಲು ಕೈಕೊಡುವುದು ಇದೇ. ಕಳಚೆಯನ್ನು ರೋಮನ್ ಲಿಪಿಯಲ್ಲಿ ಬರೆದೊಡನೆ ಳಕಾರ ಲಕಾರಗಳ ಭೇದ ಹೋಗುತ್ತದೆ. ಶಿರೂರು ಎಂಬ ಹೆಸರಿನ ಊರು ಅಂಕೋಲೆಯಲ್ಲಿಯೂ ಉಂಟು, ಉಡುಪಿ ಜಿಲ್ಲೆಯ ಬೈಂದೂರಿನ ಬಳಿಯೂ ಉಂಟು. ಎರಡೂ ೬೬ನೆಯ ಹೆದ್ದಾರಿಯ ಮೇಲೆಯೇ ಇವೆ. ಘಟ್ಟದ ಮೇಲೆ ಬೇಡ್ತಿಯೆನಿಸಿದ ಹೊಳೆಯು ಕೆಳಗಿಳಿದು ಗಂಗಾವಳಿಯಾಗುತ್ತದೆ. ಯಲ್ಲಾಪುರದ ಮಳೆಯನ್ನು ಬೇಡ್ತಿಯ ಹೆಸರಿನಲ್ಲಿಯೂ ಅಂಕೋಲೆಯ ನೆರೆಯನ್ನು ಗಂಗಾವಳಿಯ ಹೆಸರಿನಲ್ಲಿಯೂ ಬೇರೆ ಬೇರೆ ಕಡತಗಳಲ್ಲಿ ಇಟ್ಟರೆ, ಹೆಸರನ್ನು ಹಿಡಿದು ಹುಡುಕುವವನಿಗೆ ಮೇಲಿನ ಮಳೆಗೂ ಕೆಳಗಿನ ನೆರೆಗೂ ಸಂಬಂಧವೇ ಕಾಣದು.

ಕುಸಿತದ ಹೆಸರೂ ಹಾಗೆಯೇ. ನಮ್ಮ ಜನರು ಧರೆ ಕುಸಿತವೆಂದೂ ಗುಡ್ಡ ಕುಸಿತವೆಂದೂ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಆಡುತ್ತಾರೆ. ಧರೆಯು ಮನೆಗಾಗಲಿ ರಸ್ತೆಗಾಗಲಿ ಮನುಷ್ಯನು ಕಡಿದ ಮಣ್ಣಿನ ಗೋಡೆ. ಗುಡ್ಡವು ಸ್ವಭಾವದ ಇಳಿಜಾರು. ಒಂದರ ಕಾರಣವೂ ಪರಿಹಾರವೂ ಇನ್ನೊಂದರದಲ್ಲ. ವೈಜ್ಞಾನಿಕ ವರ್ಗೀಕರಣದಲ್ಲಿ ಬೇರೆ ಸೂಕ್ಷ್ಮಗಳು ಇವೆಯಾದರೂ, ಪಟ್ಟಿಯನ್ನು ತುಂಬುವ ಗುಮಾಸ್ತನ ಕೈಯಲ್ಲಿ ಇವೆರಡೂ ‘ಭೂಕುಸಿತ’ ಎಂಬ ಒಂದೇ ಪದವಾಗಿ ಕೂಡಿಹೋಗುತ್ತವೆ. ಆಡುಮಾತಿನಲ್ಲಿದ್ದ ವಿವೇಕವು ದಾಖಲೆಗೆ ಬರುವಾಗ ಸೋರಿಹೋಗುತ್ತದೆ.

೬

ಈಗ ಹಂಚಿಕೆಯ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ನಕ್ಷೆಯು ಹುಟ್ಟಿನಿಂದಲೇ ರಾಜ್ಯರಹಸ್ಯದ ಸೋದರ. ೧೮೦೨ರಲ್ಲಿ ಮದರಾಸಿನಲ್ಲಿ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಿತಿಯ ಅಳತೆಯು ಟಿಪ್ಪುವಿನ ಪತನದ ಬೆನ್ನಿಗೇ ಬಂದುದು. ಸ್ವಾತಂತ್ರ್ಯಾನಂತರವೂ ಗಡಿ ಮತ್ತು ಕರಾವಳಿಗಳಿಂದ ಸುಮಾರು ೮೦ ಕಿಲೋಮೀಟರ್ ಒಳಗಿನ ಪ್ರದೇಶಗಳ ವಿವರವಾದ ಸರ್ವೆ ನಕ್ಷೆಗಳು ಬಹುಕಾಲ ನಿರ್ಬಂಧಕ್ಕೆ ಒಳಪಟ್ಟಿದ್ದವು. ಶಿರಸಿಯು ಆ ಪಟ್ಟಿಯೊಳಗೆ ಬರುತ್ತದೆ. ಕೋಲಾರದ ವಿದ್ಯಾರ್ಥಿಯು ಕೊಂಡು ತರಬಹುದಾಗಿದ್ದ ಹಾಳೆಯನ್ನು ಶಿರಸಿಯ ವಿದ್ಯಾರ್ಥಿಯು ಅಪ್ಪಣೆ ಪಡೆದು ನೋಡಬೇಕಾಗಿತ್ತು. ಸಮುದ್ರವು ಹತ್ತಿರವಿದ್ದುದೇ ಆತನ ಅಪರಾಧ. ೨೦೦೫ರ ರಾಷ್ಟ್ರೀಯ ನಕ್ಷಾನೀತಿಯು ಸಾರ್ವಜನಿಕರಿಗಾಗಿ ಬೇರೊಂದು ಮಾಲೆಯನ್ನು ಏರ್ಪಡಿಸಿತು. ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಗಳೂ ೨೦೨೨ರ ಡಿಸೆಂಬರಿನ ರಾಷ್ಟ್ರೀಯ ಭೂಸ್ಥಾನಿಕ ನೀತಿಯೂ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿವೆ. ಆದರೆ ಹಳೆಯ ಏರ್ಪಾಡು ಒಂದು ತೊಡಕನ್ನು ಬಿಟ್ಟುಹೋಗಿದೆ. ಹಳೆಯ ಹಾಳೆಗಳು ಎವರೆಸ್ಟ್ ಅವರ ಹೆಸರಿನ ಭೂಗೋಲಮಾನವನ್ನು ಅನುಸರಿಸಿದವು. ಉಪಗ್ರಹದ ಮಾನ ಬೇರೆ. ಪರಿವರ್ತನೆ ಮಾಡದೆ ಒಂದನ್ನು ಇನ್ನೊಂದರ ಮೇಲಿಟ್ಟರೆ ನಮ್ಮ ಸೀಮೆಯಲ್ಲಿ ಸ್ಥಾನವು ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಕಿರಿದಾದ ಕಣಿವೆಯಲ್ಲಿ ಅದು ಈಚೆಯ ದಡದ ಮನೆಯನ್ನು ಆಚೆಯ ದಡಕ್ಕೆ ಒಯ್ಯಲು ಸಾಕು.

ಪಶ್ಚಿಮ ಘಟ್ಟಗಳ ಬಗ್ಗೆ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯ ಕಥೆ ಇಲ್ಲಿ ಸ್ಮರಣೀಯ. ೨೦೧೧ರ ಆಗಸ್ಟಿನಲ್ಲಿ ಒಪ್ಪಿಸಿದ ಅದರ ವರದಿಯು ಮಾಹಿತಿ ಹಕ್ಕಿನ ವ್ಯಾಜ್ಯವಾಗಿ ೨೦೧೨ರ ಮೇ ತಿಂಗಳಲ್ಲಿ ಮಾತ್ರ ಹೊರಬಂದಿತು. ಘಟ್ಟಗಳನ್ನು ಸುಮಾರು ೯ ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಭಾಗಿಸಿ ಸೂಕ್ಷ್ಮತೆಯನ್ನು ನಿರ್ಣಯಿಸಿದ ಆ ಪಟದ ವಿಧಾನವನ್ನು ಜನರು ಪರೀಕ್ಷಿಸುವುದಕ್ಕೆ ಮೊದಲೇ ಅದು ವದಂತಿಯಾಗಿ ಹಳ್ಳಿಗಳನ್ನು ಮುಟ್ಟಿತ್ತು. ತಡೆದಿಟ್ಟ ನಕ್ಷೆಯು ಶೂನ್ಯವನ್ನು ಉಳಿಸುವುದಿಲ್ಲ. ಆ ಸ್ಥಳವನ್ನು ಭಯವು ತುಂಬುತ್ತದೆ.

ಇಂದಿನ ಸ್ಥಿತಿ ಹಿಂದಿನಷ್ಟು ಬಿಗಿಯಾಗಿಲ್ಲವೆಂಬುದನ್ನು ಅಲ್ಲಗಳೆಯಲಾಗದು. ಸರ್ವೇಕ್ಷಣದ ಭೂಕೋಶ್, ೨೦೨೪ರ ಜುಲೈ ೧೯ರಂದು ಆರಂಭವಾದ ಭೂಸಂಕೇತ್, ಬಾಹ್ಯಾಕಾಶ ಸಂಸ್ಥೆಯ ಭುವನ್, ರಾಜ್ಯದ ದಿಶಾಂಕ್ ಇವೆಲ್ಲ ಸಾರ್ವಜನಿಕರಿಗಾಗಿಯೇ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅವುಗಳ ಸಂಖ್ಯೆ ೬,೦೦೦ವನ್ನು ಮೀರಿದೆ. ಪ್ರವಣತೆಯ ಬಣ್ಣ ಒಂದು ಕಡೆ, ಮಳೆಯ ಅಂಕಿ ಇನ್ನೊಂದು ಕಡೆ, ಸರ್ವೆ ನಂಬರಿನ ಗಡಿ ಮತ್ತೊಂದು ಕಡೆ ಹೀಗೆ ಇವು ಬೇರೆ ಬೇರೆಯಾಗಿ ಉಳಿದಿವೆ. ಇವನ್ನು ಒಂದೇ ಹಾಳೆಯ ಮೇಲೆ ತಂದು, ಕನ್ನಡದ ಹೆಸರುಗಳೊಡನೆ ಗ್ರಾಮಸಭೆಯ ಮುಂದೆ ಹರಡಿದಾಗ ಮಾತ್ರ ದತ್ತಾಂಶವು ಹಂಚಿಕೆಯಾಯಿತೆನ್ನಬಹುದು.

ನಮ್ಮದೇ ಒಂದು ಅನುಭವವನ್ನು ಇಲ್ಲಿ ಹೇಳಬಹುದು. ಒಂದು ತಾಲ್ಲೂಕಿನಲ್ಲಿ ಈವರೆಗೆ ಗುರುತಿಸಿದ ಕುಸಿತಗಳ ಪಟ್ಟಿ ಬೇಕೆಂದು ಕಚೇರಿಯೊಂದಕ್ಕೆ ಬರೆದೆವು. ಬಹಳ ದಿನಗಳ ಮೇಲೆ ಬಂದುದು ಒಂದು ಬಣ್ಣದ ಚಿತ್ರ. ಊರ ಹೆಸರುಗಳು ಓದಲು ಬಾರದಷ್ಟು ಮಸುಕು. ಆ ಚಿತ್ರವನ್ನೇ ಹಿಡಿದು ವಿದ್ಯಾರ್ಥಿಗಳೊಡನೆ ಒಂದು ಹಳ್ಳಿಗೆ ಹೋದೆವು. ಅಲ್ಲಿಯ ಹಿರಿಯರೊಬ್ಬರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟು, ತೋಟದ ಮೇಲಿನ ಒಂದು ಬೋಗುಣಿಯಂಥ ತಗ್ಗನ್ನು ತೋರಿಸಿ, “ತಮ್ಮಾ, ಇದು ನಮ್ಮ ಅಪ್ಪಯ್ಯನ ಕಾಲದಲ್ಲಿ ಇಳಿದದ್ದು; ಇದರ ಕೆಳಗೆ ನಾವು ಯಾರೂ ಮನೆ ಕಟ್ಟುವುದಿಲ್ಲ” ಎಂದರು. ಚಿತ್ರದಲ್ಲಿ ಆ ಜಾಗವು ಹಸಿರಾಗಿತ್ತು. ಆ ತಗ್ಗಿನ ಕೆಳಗೆ ಈಚೆಗೆ ಎದ್ದ ಹೊಸ ಮನೆಯೊಂದನ್ನೂ ಅದೇ ದಿನ ನೋಡಿದೆವು. ಅದು ಹೊರಗಿನಿಂದ ಬಂದು ನೆಲೆಸಿದವರದು. ಹಿರಿಯರ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ನಕ್ಷೆಯು ಅವರಿಗೆ ಏನನ್ನೂ ಹೇಳುವಂತಿರಲಿಲ್ಲ.

೭

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುವುದು ಸಹಜ. ಮೊದಲನೆಯದು, ಹಿರಿಯರ ನೆನಪು ನಂಬತಕ್ಕದ್ದಲ್ಲವೆಂಬುದು. ಇದು ನಿಜ. ನೆನಪು ವರ್ಷಗಳನ್ನು ಕಲೆಸುತ್ತದೆ. ಎರಡು ಮಳೆಗಾಲಗಳನ್ನು ಒಂದಾಗಿಸುತ್ತದೆ. ಆದರೆ ಕೈಫಿಯತ್ತುಗಳಲ್ಲಿಯೂ ಕಲ್ಪನೆ ಬೆರೆತಿದೆಯೆಂದು ನಾವು ಅವನ್ನು ಸುಟ್ಟುಹಾಕುವುದಿಲ್ಲ. ಶಾಸನದೊಡನೆ ಹೋಲಿಸಿ ಸೋಸುತ್ತೇವೆ. ನೆನಪು ವರ್ಷವನ್ನು ತಪ್ಪಬಹುದು, ಸ್ಥಳವನ್ನು ತಪ್ಪುವುದು ಅಪರೂಪ. ಪ್ರವಣತೆಯ ಮಾದರಿಗೆ ಮುಖ್ಯವಾಗಿ ಬೇಕಾದುದು ಸ್ಥಳವೇ. ನೆನಪು ತೋರಿಸಿದ ತಗ್ಗನ್ನು ಭೂವಿಜ್ಞಾನಿಯು ಬಂದು ಪರೀಕ್ಷಿಸಿ ಒಪ್ಪಲಿ ಅಥವಾ ತಿರಸ್ಕರಿಸಲಿ. ಕೇಳದೆಯೇ ಬಿಡುವುದು ಶಾಸ್ತ್ರವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಸರ್ವೆ ನಂಬರಿನ ಮಟ್ಟದ ಅಪಾಯದ ನಕ್ಷೆ ಪ್ರಕಟವಾದರೆ ಜಮೀನಿನ ಬೆಲೆ ಕುಸಿಯುವುದು, ಸಾಲ ಸಿಕ್ಕದು, ಅರಣ್ಯ ಭೂಮಿಯಲ್ಲಿ ನೆಲೆಸಿದ ಬಡವರನ್ನು ಎಬ್ಬಿಸಲು ಅದೇ ನೆಪವಾದೀತು ಎಂಬ ಭಯ ಜನರಲ್ಲಿದೆ. ಇದನ್ನು ಅಜ್ಞಾನವೆಂದು ತಳ್ಳಲಾಗದು. ಆದಕಾರಣ ಒಂಬತ್ತು ಗುಂಟೆಯ ಚೌಕದಿಂದ ಹುಟ್ಟಿದ ಬಣ್ಣವನ್ನು ಒಂದು ಮನೆಯ ಮೇಲಿನ ತೀರ್ಪಾಗಿ ಬಳಸಕೂಡದೆಂಬುದನ್ನು ನಕ್ಷೆಯ ಮೇಲೆಯೇ ಬರೆಯಬೇಕು. ಬಣ್ಣದೊಡನೆ ಆಕರವನ್ನೂ, ಅಳತೆಯ ವರ್ಷವನ್ನೂ, ಸಂದೇಹದ ಪ್ರಮಾಣವನ್ನೂ ಕೊಟ್ಟರೆ ಜನರು ವಾದಿಸಲು ಆಧಾರ ಸಿಕ್ಕುತ್ತದೆ. ಬಣ್ಣವನ್ನಷ್ಟೇ ಕೊಟ್ಟರೆ ಒಪ್ಪುವುದು ಅಥವಾ ಹೆದರುವುದು ಇವೆರಡೇ ದಾರಿ. ಮುಚ್ಚಿಟ್ಟರಂತೂ ಬಡವನಿಗೆ ಎರಡು ಪಟ್ಟು ನಷ್ಟ: ಎಬ್ಬಿಸುವವರಿಗೆ ನಕ್ಷೆ ಹೇಗೂ ಸಿಕ್ಕುತ್ತದೆ, ಎಚ್ಚರಿಕೆ ಮಾತ್ರ ಅವನಿಗೆ ಸಿಕ್ಕುವುದಿಲ್ಲ.

ಜನರಿಂದ ಬಂದ ದತ್ತಾಂಶದ ಬೆಲೆಗೆ ನೆರೆಯ ವಯನಾಡು ಸಾಕ್ಷಿ. ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಆ ಜಿಲ್ಲೆಯಲ್ಲಿ ಜನರ ಸಹಕಾರದಿಂದ ಇನ್ನೂರಕ್ಕೂ ಹೆಚ್ಚು ಕಡೆ ಮಳೆಯನ್ನು ಅಳೆಯುತ್ತ ಬಂದಿತ್ತು. ೨೦೨೪ರ ಜುಲೈ ೩೦ರ ಮಹಾಕುಸಿತಕ್ಕೆ ಹಿಂದಿನ ದಿನವೇ ಆ ಅಂಕಿಗಳ ಮೇಲಿಂದ ಅದು ಆಡಳಿತಕ್ಕೆ ಎಚ್ಚರಿಕೆಯನ್ನು ಕೊಟ್ಟಿತ್ತು. ಎಚ್ಚರಿಕೆಯಿಂದ ಎಲ್ಲರ ಜೀವವೂ ಉಳಿಯಲಿಲ್ಲ. ಆದರೆ ಊರವರು ಅಳೆದ ಮಳೆಯು ಮುನ್ಸೂಚನೆಗೆ ಸಾಲುವಷ್ಟು ನಿಖರವೆಂಬುದು ಸಿದ್ಧವಾಯಿತು. ನಮ್ಮ ಸೀಮೆಯಲ್ಲಿಯೂ ಮಳೆಯ ಲೆಕ್ಕವನ್ನು ದಿನಚರಿಯಲ್ಲಿ ಬರೆದಿಡುವ ತೋಟಿಗರುಂಟು. ಒಂದೇ ಶಿರಸಿ ತಾಲ್ಲೂಕಿನೊಳಗೆ ಘಟ್ಟದಂಚಿನ ಮಳೆಗೂ ಬನವಾಸಿಯ ಮಳೆಗೂ ಇರುವ ಅಂತರವನ್ನು ಬಲ್ಲವರಿಗೆ ಆ ದಿನಚರಿಗಳ ಬೆಲೆಯನ್ನು ಹೇಳಬೇಕಾಗಿಲ್ಲ.

೮

ಇಷ್ಟು ಪರಿಶೀಲನೆಯಿಂದ ನಾವು ತಲಪುವ ನಿರ್ಣಯವೇನು? ಮೇಲ್ಕಂಡ ಕೃತಿಗಳು ವ್ಯರ್ಥವಲ್ಲ. ದೇಶದ ಯಾವ ಭಾಗಕ್ಕೆ ಮೊದಲು ಹೋಗಬೇಕೆಂಬುದನ್ನು ಅವು ಸರಿಯಾಗಿಯೇ ತಿಳಿಸುತ್ತವೆ. ಆದರೆ ಯಾವ ಮನೆಯವರು ಮಳೆಯ ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಅವು ಹೇಳಲಾರವು. ಹೇಳಬೇಕಾದರೆ ಕೆಳಗಿನಿಂದ ಮೇಲಕ್ಕೆ ಬರುವ ಪಟ್ಟಿಯೊಂದು ಅವಶ್ಯ.

ಆ ಪಟ್ಟಿಯನ್ನು ಮಾಡುವ ಶಕ್ತಿ ನಮ್ಮ ಕಾಲೇಜುಗಳಿಗಿದೆ. ಪ್ರತಿಯೊಂದು ಕುಸಿತಕ್ಕೂ ಒಂದು ಚೀಟಿ. ಅದರಲ್ಲಿ ಕನ್ನಡದಲ್ಲಿ ಊರಿನ, ಮಜರೆಯ, ಹಳ್ಳದ ಹೆಸರು, ದೂರವಾಣಿ ಯಂತ್ರವು ತೋರಿಸುವ ಅಕ್ಷಾಂಶ ರೇಖಾಂಶ, ಧರೆಯೋ ಗುಡ್ಡವೋ, ಉದ್ದ ಅಗಲ, ದಿನ, ತಿಳಿದರೆ ಗಳಿಗೆ, ಹಿಂದಿನ ಮೂರು ದಿನಗಳ ಮಳೆ, ಮೇಲೆ ಏನು ಬೆಳೆದಿತ್ತು, ಏನು ಕಡಿದಿದ್ದರು, ಹೇಳಿದವರು ಕಣ್ಣಾರೆ ಕಂಡವರೋ ಕೇಳಿದವರೋ, ಬರೆದವರು ಯಾರು. ಕಂಡ ಸಂಗತಿಗೂ ಕೇಳಿದ ಸಂಗತಿಗೂ ಬೇರೆ ಬೇರೆ ಗುರುತು ಇರಲಿ. ಕುಸಿಯದೆ ನಿಂತ ಗುಡ್ಡಗಳಿಗೂ ಚೀಟಿ ಇರಲಿ. ‘ಇಲ್ಲ’ ಎಂಬುದನ್ನು ನೋಡಿ ಬರೆದರೆ ಮಾತ್ರ ಅದು ಪ್ರಮಾಣವಾಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಸಾಕ್ಷಿಯನ್ನು ಕೇಳಿ ಬರೆಯುವುದು ಗೊತ್ತು. ಭೂಗೋಳದ ವಿದ್ಯಾರ್ಥಿಗೆ ಅದನ್ನು ಪಟಕ್ಕೆ ಏರಿಸುವುದು ಗೊತ್ತು. ಸಂಗ್ರಹವನ್ನು ಮುಕ್ತವಾಗಿ ಇಟ್ಟು ಸರ್ವೇಕ್ಷಣಕ್ಕೂ ಪಂಚಾಯಿತಿಗೂ ಏಕಕಾಲದಲ್ಲಿ ಒಪ್ಪಿಸಬೇಕು.

ಶಿರಸಿಗೆ ಇದು ಹೊಸದೇನೂ ಅಲ್ಲ. ಬೇಡ್ತಿಯ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, ೧೯೮೧ರಲ್ಲಿ, ಇಲ್ಲಿಯ ತೋಟಗಾರರ ಸಹಕಾರಿ ಮಾರಾಟ ಸಂಘದ ಆಶ್ರಯದಲ್ಲಿ ವಿಜ್ಞಾನಿಗಳೂ ಬೆಳೆಗಾರರೂ ಒಂದೇ ಸಭೆಯಲ್ಲಿ ಕುಳಿತು ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ಪರೀಕ್ಷಿಸಿದರು. ಸರಕಾರದ ಅಂಕಿಗಳನ್ನು ಬೆಳೆಗಾರನು ತನ್ನ ತೋಟದ ಅಂಕಿಗಳಿಂದ ಪ್ರಶ್ನಿಸಬಹುದೆಂಬುದನ್ನು ಆ ಸಭೆ ತೋರಿಸಿಕೊಟ್ಟಿತು. ಅಂದು ಪ್ರಶ್ನೆ ನೀರಿನದಾಗಿತ್ತು, ಇಂದು ಮಣ್ಣಿನದಾಗಿದೆ.

ನಮ್ಮ ವಿಭಾಗದ ವಿದ್ಯಾರ್ಥಿಗಳು ಇಂಥ ಚೀಟಿಗಳನ್ನು ಬರೆಯಲು ಆರಂಭಿಸಿದ್ದಾರೆ. ಮೊದಲನೆಯ ಚೀಟಿಯು ಆ ಬೋಗುಣಿಯಂಥ ತಗ್ಗಿನದು. ಅದರ ಒಂದು ಪ್ರತಿಯನ್ನು ಹೊಸ ಮನೆಯವರಿಗೂ ಕೊಟ್ಟು ಬಂದಿದ್ದೇವೆ.